ಹರ್ಷಿತನ ಹೊಸ ಸೈಲೆನ್ಸರು

ನನ್ನ ಮೈದುನ ಹರ್ಷಿತನಿಗೆ ಕಾರು ಎಂದರೆ ಕಿವಿಯಿಂದ ನೋಡುವ ವಸ್ತು. ಬೆಳಿಗ್ಗೆ ತೋಟದ ರಬ್ಬರ್ ಮರಗಳ ಹಾಲು ತೆಗೆಸಿ, ಹೆಪ್ಪುಗಟ್ಟಿಸಿ ಶೀಟು ಮಾಡಿಸಿದರೆ ಪಂಜದ ನಮ್ಮ ಮನೆಯಲ್ಲಿ ಅವನ ಕೆಲಸ ಮುಗಿಯಿತು. ಮಧ್ಯಾಹ್ನದಿಂದ ಅವನು ಕಾರಿನವನು. ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು. ಚೆನ್ನಾಗಿಯೇ ಓಡುತ್ತಿತ್ತು. ದೋಷ ಒಂದೇ, ಅದು ಬಂದದ್ದು ಊರಿಗೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಹೊಸ ಸೈಲೆನ್ಸರು. ಆಯ್ಕೆ ನಡೆದದ್ದು ಊಟದ ಮೇಜಿನಲ್ಲಿ, ಮೊಬೈಲಿನಲ್ಲಿ ಒಂದೊಂದನ್ನೇ ಮೊಳಗಿಸಿ.

"ಇದು ಕೇಳಿ ಅತ್ತಿಗೆ, ಹುಲಿಯ ಹಾಗೆ ಉಂಟು."

ನನ್ನ ನಾಲ್ಕು ತಿಂಗಳ ಮಗಳು ಯಶಸ್ವಿ ಪ್ರತಿ ಹುಲಿಗೂ ಎದ್ದು ಅತ್ತಳು. ನಿನ್ನ ಕಾರಿಗೆ ಇದು ಹೊಂದುತ್ತದಾ ಎಂದು ಕೇಳಿದೆ.

"ಸೌಂಡ್ ಹೊಂದಿದ್ರೆ ಮತ್ತೆಲ್ಲ ಹೊಂದ್ತದೆ."

ಮೀಟರೂ ಅದೇ ಬುದ್ಧಿಯಲ್ಲಿ ಬಂತು. ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊ ಇರುವ ಕಾರಿಗೆ, ಆ ಒತ್ತಡ ಅಳೆಯಲು ಹಾಕುವ ಬೂಸ್ಟ್ ಮೀಟರು. ಇವನ ಕಾರಿಗೆ ಟರ್ಬೊ ಇಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮುಳ್ಳು ಸೊನ್ನೆ ದಾಟುವುದಿಲ್ಲ. "ನೀಲಿ ಲೈಟ್ ಉಂಟಲ್ಲ," ಎಂದು ಅವನ ಸಮಾಧಾನ.

ಸೈಲೆನ್ಸರು ಮಾರುವವರು ಕೇಳಿದ್ದು ಕಾರಿನ ಪೈಪಿನ ಒಳ ಅಳತೆ. ಇವನು ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ತರುವ ರೂಢಿಯಲ್ಲಿ ಹೊರಗಿನದ್ದನ್ನು ಅಳೆದು ಕೊಟ್ಟ. ಬಂದದ್ದು ದೊಡ್ಡದು, ಜೋಡಿಸಿದರೆ ಸಡಿಲ. ಹೊಗೆ ಹಿಂದೆ ಹೋಗುವ ಮೊದಲೇ ಜಾಯಿಂಟಿನಲ್ಲಿ ಹೊರಬೀಳುತ್ತಿತ್ತು. ವಾಪಸು ಕಳಿಸಿದರೆ ಮರ್ಯಾದೆ ಏನಾಗಬೇಕು? ಪೈಪು ಸೋರಿದರೆ ಇಲ್ಲಿನವರು ತೋಟದಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದ. ಬೈಕಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಬಿಗಿಯಾಗಿ ಸುತ್ತಿದ.

"ಬಿಸಿಗೆ ಕರಗುವುದಿಲ್ಲವಾ?" ಎಂದೆ.

ಮಾವ ಬೋಜಪ್ಪ ಜಗಲಿಯಿಂದಲೇ ತೀರ್ಪು ಕೊಟ್ಟರು. "ಟ್ಯೂಬ್ ಕಟ್ಟಿದ್ದು ಬಿಟ್ಟದ್ದುಂಟಾ? ನಮ್ಮ ಪಂಪಿನ ಪೈಪು ನೋಡು, ಎಷ್ಟು ವರ್ಷ ಆಯ್ತು."

ಪಂಪಿನ ಪೈಪಿನಲ್ಲಿ ಹೋಗುವುದು ತಣ್ಣೀರು. ಆದರೆ ರಬ್ಬರು ಬೆಳೆಯುವವರಿಗೆ ರಬ್ಬರಿನ ಪಾಠ ಹೇಳಲು ಪೇಟೆಯಲ್ಲಿ ಓದಿದ ನಾನು ಯಾರು?

ಮರುದಿನ ಮಗುವಿಗೆ ಲಸಿಕೆ ಹಾಕಿಸಲು ಪುತ್ತೂರಿಗೆ ಹೋಗಬೇಕಿತ್ತು. ನನ್ನ ಗಂಡ ಉಲ್ಲಾಸ್ ಬೈಕಿನಲ್ಲಿ ಕಡಬಕ್ಕೆ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದದ್ದು ಈ ಕಾರೊಂದೇ. ಹೊಗೆ ಒಳಗೆ ನುಗ್ಗಿದರೆ ಅಷ್ಟು ಸಣ್ಣ ಎದೆಗೂಡು ಎಷ್ಟನ್ನು ತಾಳೀತು ಎಂದು ರಾತ್ರಿಯೆಲ್ಲ ಯೋಚಿಸಿದವಳು ಕಿಟಕಿ ಇಳಿಸಿಯೇ ಕೂತೆ. ನಿಂತಿಕಲ್ಲು ಪೇಟೆ ದಾಟುತ್ತಿದ್ದಂತೆ ಸುಟ್ಟ ರಬ್ಬರಿನ ವಾಸನೆ ಬಂತು.

"ಹರ್ಷಿತ್, ನಿಲ್ಲಿಸು."

"ಯಾರೋ ತೋಟದಲ್ಲಿ ಎಂತದೋ ಸುಡುದು ಅತ್ತಿಗೆ."

"ಆ ತೋಟ ನಮ್ಮ ಜೊತೆಗೇ ಬರ್ತಿದೆಯಾ?"

ಯಶಸ್ವಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಅವನು ನಿಲ್ಲಿಸಿದ. ನಾನು ಮಗುವನ್ನು ಎತ್ತಿಕೊಂಡು ಇಳಿದು ದೂರ ಹೋಗಿ ನಿಂತೆ. ಕಾರಿನ ಅಡಿಯಲ್ಲಿ ಟ್ಯೂಬು ಕಪ್ಪು ಹೊಗೆಯಾಡುತ್ತ ಹನಿಹನಿಯಾಗಿ ರಸ್ತೆಗೆ ಬೀಳುತ್ತಿತ್ತು.

"ಸ್ವಲ್ಪ ತಣಿದ ಮೇಲೆ ಹೋಗುವ."

"ಕಂಪನಿಯ ಹಳೇ ಸೈಲೆನ್ಸರು ವಾಪಸು ಹಾಕಿಸುವ ತನಕ ಇವಳು ನಿನ್ನ ಕಾರು ಹತ್ತುವುದಿಲ್ಲ."

"ಅದರಲ್ಲಿ ಸೌಂಡೇ ಇಲ್ಲ ಅತ್ತಿಗೆ."

"ಇವಳ ಸೌಂಡ್ ಸಾಲದಾ?"

ಮಗು ಕಿರುಚುತ್ತಲೇ ಇತ್ತು.

ಪುತ್ತೂರಿನ ಬಸ್ಸು ಬಂತು, ನಾನು ಹತ್ತಿದೆ. ಕಾರಿಗೆ ಬೀಗ ಹಾಕಿ, ಡೈಪರಿನ ಚೀಲ ಹೆಗಲಿಗೇರಿಸಿ ಅವನೂ ಹತ್ತಿದ. ಅಷ್ಟು ಮನುಷ್ಯತ್ವ ಇದೆ. ನನ್ನ ಸೀಟಿನ ಪಕ್ಕ ನಿಂತು ಪಂಜದ ಗ್ಯಾರೇಜಿನ ಹಸನಬ್ಬರಿಗೆ ಫೋನು ಮಾಡಿದ, ಪಿಸುಮಾತಿನಲ್ಲಿ.

"ಕಾರು ನಿಂತಿಕಲ್ಲಿನ ಹತ್ತಿರ ಉಂಟು, ಇನ್ನೊಂದು ಕೀ ಮನೆಯಲ್ಲಿ ಅಪ್ಪನ ಹತ್ರ. ಎಳ್ಕೊಂಡು ಹೋಗಿ ಹಳೇದೇ ಹಾಕಿ ಹಸನಬ್ಬಣ್ಣ. ಹಾಂ, ಕಂಪನಿದ್ದೇ. ಇವತ್ತೇ."

ಸವಣೂರಿನಲ್ಲಿ ಹತ್ತಿದ ಅವನ ಪರಿಚಯದ ಜಯಪ್ರಕಾಶ್ ಕೇಳಿದರು, "ಎಂತ ಮಾರಾಯ, ನೀನು ಬಸ್ಸಿನಲ್ಲಿ? ಕಾರು ಎಲ್ಲಿ?"

"ಅಪ್‌ಗ್ರೇಡಿಗೆ ಕೊಟ್ಟದ್ದು," ಎಂದ ಹರ್ಷಿತ್, ನನ್ನ ಕಡೆ ನೋಡದೆ.

ಯಶಸ್ವಿ ಕೆಮ್ಮು ನಿಲ್ಲಿಸಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಆ ಲೆಕ್ಕದಲ್ಲಿ ಅದು ಅಪ್‌ಗ್ರೇಡೇ ಎಂದು ನಾನೂ ತಲೆಯಾಡಿಸಿದೆ.