ಬೀರುವಿನಲ್ಲಿ ಉಳಿದ ಥರ್ಟಿ ಟೂ

ಕೊಡವರ ಆಯುಧಪೂಜೆ ಕೈಲ್ ಮುಹೂರ್ತದ ಹಿಂದಿನ ದಿನ ಪಕ್ಕದ ತೋಟದವರು ಅಂಗಳದಲ್ಲಿ ಗೋಣಿ ಹಾಸಿಕೊಂಡು ಕೋವಿ ಒರೆಸುತ್ತಿದ್ದರು. ಮಾರನೆಯ ದಿನ ಪೂಜೆಗೆ ಇಡುವ ಕೋವಿ. ಗೇಟಿನ ಮುಂದೆ ಹಾದುಹೋಗುತ್ತಿದ್ದ ನನಗೆ ಕೋವಿಗೆ ಹಚ್ಚುವ ರಂಗೂನ್ ಎಣ್ಣೆಯ ವಾಸನೆ ಬಡಿಯಿತು. ಸೀಮೆಎಣ್ಣೆಯಂತೆಯೂ ಅಲ್ಲದ, ಗಾಡಿಯ ಆಯಿಲ್‌ನಂತೆಯೂ ಅಲ್ಲದ ವಾಸನೆ ಅದು. "ಬನ್ನಿ ರೈಟ್ರೇ, ಒಂದ್ಲೋಟ ಕಾಫಿ ಕುಡ್ಕೊಂಡು ಹೋಗಿ" ಎಂದು ಅವರು ಕರೆದದ್ದು ಕೇಳಿಸಿತು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ...

ಗೋಣಿಕೊಪ್ಪಲಿನ ಆ ಕೋವಿ ಅಂಗಡಿಯ ತುಂಬ ಇದೇ ವಾಸನೆ ಇರುತ್ತಿತ್ತು. ಅಂಗಡಿಯ ಯಜಮಾನರ ಕೈಗೂ, ಅವರ ಹಳೆಯ ಸ್ವೆಟರಿಗೂ ಅದೇ ವಾಸನೆ. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾಗಿ ಬಂದವರು. ಎಲ್ಲರೂ ಹವಾಲ್ದಾರರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಎದುರಿನವರ ಮಾತು ಕೇಳುವಾಗ ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡುತ್ತಿದ್ದರು. ಕಾಗದಪತ್ರ ಎಷ್ಟೇ ಸರಿಯಿದ್ದರೂ, ಬಂದವರು ಎಷ್ಟೇ ದೊಡ್ಡ ಮನೆಯವರಾದರೂ, ನಾಲ್ಕು ಪ್ರಶ್ನೆ ಕೇಳದೆ ಅವರು ಯಾರ ಕೈಗೂ ಕೋವಿ ಕೊಡುತ್ತಿರಲಿಲ್ಲ. ಕೆಲವರು ಬೈದುಕೊಂಡು ಮೈಸೂರಿನ ಅಂಗಡಿಗೆ ಹೋಗುತ್ತಿದ್ದರು.

ನನ್ನ ವಿಷಯವನ್ನೂ ಹೇಳಬೇಕು. ನಾನು ಹುಟ್ಟಿದ್ದು ಬಿಟ್ಟಂಗಾಲದ ಆಚೆ ಒಂದು ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ. ಅವ್ವ ಕಾಫಿ ಕೊಯ್ದಳು, ಅಪ್ಪ ಮರ ಹತ್ತಿ ನೆರಳಿನ ಕೊಂಬೆ ಕಡಿದ. ಇಬ್ಬರದೂ ಹೆಬ್ಬೆಟ್ಟು. ನಮ್ಮ ಲೈನಿನಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಮೂರು ವರ್ಷ ಜೀಪಿನ ಹಿಂದೆ ಜೋತುಬಿದ್ದು ಕಾಲೇಜಿಗೆ ಹೋಗಿ ಬಂದು ಗಳಿಸಿದ್ದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದೇ ಎಸ್ಟೇಟಿನಲ್ಲಿ ರೈಟರ್ ಆದೆ. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹಾಜರಿ ಬರೆದು ಕೆಳಗೆ ಸಹಿ ಹಾಕುವಾಗ, ಸಾಲಿನಲ್ಲಿ ನಿಂತ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

ಆ ಸಹಿಯೇ ನನ್ನ ಕುತ್ತಿಗೆಗೆ ಬಂತು. ನಮ್ಮ ಲೈನಿನವನೇ ಒಬ್ಬ, ನನ್ನ ಜೊತೆ ಆಡಿ ಬೆಳೆದವನು, ಎಸ್ಟೇಟಿನ ಮೆಣಸಿನ ಬಳ್ಳಿ ಕದ್ದು ಬರಿದು ಮಾಡುತ್ತಿದ್ದುದನ್ನು ಕಣ್ಣಾರೆ ಕಂಡೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿದೆ. ಅವನು ಜೈಲಿಗೆ ಹೋದ. ಹೊರಗೆ ಬಂದವನು ಬಾರಿನಲ್ಲಿ ಕೂತು, "ಸಹಿ ಹಾಕಿದ ಕೈ ಉಳ್ಸಲ್ಲ" ಎಂದು ನಾಲ್ಕು ಜನರೆದುರು ಹೇಳಿದನಂತೆ. ಕೇಳಿದವರು ನಕ್ಕರಂತೆ. ನಾನು ದೂರು ಕೊಟ್ಟೆ, ಎಸ್ಟೇಟ್ ಮಾಲೀಕರು ಒಂದು ಕಾಗದ ಬರೆದುಕೊಟ್ಟರು, ತಿಂಗಳುಗಟ್ಟಲೆ ಅಲೆದ ಮೇಲೆ ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಳ್ಳುವ ಲೈಸೆನ್ಸ್ ಸಿಕ್ಕಿತು.

ಹವಾಲ್ದಾರರ ಅಂಗಡಿಗೆ ನಾನು ಪರೀಕ್ಷೆಗೆ ಹೋಗುವವನಂತೆ ಓದಿಕೊಂಡು ಹೋಗಿದ್ದೆ. ಯಾವ ಗುಂಡು ಎಷ್ಟು ಆಳ ಇಳಿಯುತ್ತದೆ, ಯಾವುದಕ್ಕೆ ಎಷ್ಟು ಬಲ ಎಂಬುದನ್ನೆಲ್ಲ ಮೊಬೈಲಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅವರು ಪುಟ ತಿರುವಿ ನೋಡಿ ನಕ್ಕರು.

"ಇದೆಲ್ಲ ಅಮೆರಿಕದ ಮಾತು ರೈಟ್ರೇ. ನೈನ್ ಎಂಎಂ, ಫಾರ್ಟಿ ಫೈವ್ ನಿಮಗೂ ಇಲ್ಲ, ನನಗೂ ಇಲ್ಲ. ಅದು ಪೊಲೀಸಿಗೆ, ಮಿಲಿಟರಿಗೆ. ನಮ್ಮ ಪಾಲಿಗೆ ಇರೋದು ಇವೆರಡು" ಎಂದು ಗಾಜಿನ ಮೇಜಿನ ಮೇಲೆ ಎರಡು ಅಳತೆಯ ಗುಂಡು ನಿಲ್ಲಿಸಿದರು. ಒಂದು ಟೂ ಟೂ, ಇನ್ನೊಂದು ಥರ್ಟಿ ಟೂ. "ನೋಡಿ, ಒಂದು ಮೆಣಸಿನ ಕಾಳಿನಷ್ಟು ದಪ್ಪ, ಇನ್ನೊಂದು ಕಾಫಿ ಬೀಜದಷ್ಟು."

"ಟೂ ಟೂ ಬಿದ್ರೆ ಮನುಷ್ಯ ಸಾಯಲ್ವಾ?" ಎಂದು ಕೇಳಿದೆ.

"ಸಾಯ್ತಾನೆ. ಆದ್ರೆ ನಿಲ್ಲಲ್ಲ. ಬಿದ್ದಿದೆ ಅಂತ ಒಂದೊಂದ್ಸಲ ಅವನಿಗೇ ಗೊತ್ತಾಗಲ್ಲ. ಬಂದು ನಿಮ್ಮನ್ನ ಕಡಿದು, ಮನೆಗೆ ಹೋಗಿ ಊಟ ಮಾಡಿ, ಮೂರನೇ ದಿನ ಆಸ್ಪತ್ರೇಲಿ ಸಾಯ್ತಾನೆ. ನಿಲ್ಸೋದು ಬೇರೆ ಮಾರಾಯ್ರೇ, ಕೊಲ್ಲೋದು ಬೇರೆ."

"ಹಾಗಾದ್ರೆ ಥರ್ಟಿ ಟೂ ಕೊಡಿ. ಅದು ನಿಲ್ಸುತ್ತಲ್ಲ?"

"ನಿಲ್ಸಬಹುದು... ಎದೆಗೆ ಹನ್ನೆರಡು ಬೋರಿನ ಗುಂಡು ತಿಂದ ಹಂದಿ ಅರ್ಧ ಫರ್ಲಾಂಗ್ ಓಡಿದ್ದು ನೋಡಿದ್ದೀನಿ. ಸಿಟ್ಟಲ್ಲಿರೋ ಮನುಷ್ಯ ಹಂದಿಗಿಂತ ಕಮ್ಮಿಯಾ?" ಎಂದು ಕಣ್ಣು ಕಿರಿದು ಮಾಡಿದರು. "ನಿಮ್ಮ ಅವ್ವ ಎಷ್ಟು ಗಂಟೆಗೆ ಏಳ್ತಾರೆ?"

"ಐದಕ್ಕೆ."

"ಮಳೇಲಿ ಗೋಣಿ ಕೊಪ್ಪೆ ಹಾಕ್ಕೊಂಡು ಸೌದೆ ತರೋಕೆ ಹೋಗಿರ್ತಾರೆ. ವಾಪಸ್ ಬಂದು ಬಾಗಿಲು ನೂಕಿದ್ರು. ನಿಮ್ಮ ಕೈಲಿ ಇದಿದೆ. ಯಾರು ಅಂತ ಹೇಗೆ ಗೊತ್ತಾಗುತ್ತೆ?"

ನನಗೆ ಸಿಟ್ಟು ಬಂತು. "ಅಷ್ಟೂ ತಿಳಿಯಲ್ವಾ? ಓದಿದವನು ನಾನು" ಎಂದೆ.

"ಓದಿದವರ ಬೆರಳೂ ಬೆರಳೇ" ಎಂದರು. ಆದರೂ ಹಣ ತೆಗೆದುಕೊಂಡು ಆರ್ಡರ್ ಬರೆದುಕೊಂಡರು. ನನ್ನ ಲೈಸೆನ್ಸ್ ಪುಸ್ತಕದ ಫೋಟೋವನ್ನು ಬಹಳ ಹೊತ್ತು ನೋಡಿ ವಾಪಸ್ ಕೊಟ್ಟರು.

ಆಮೇಲೆ ಪ್ರತಿ ಭಾನುವಾರ ಸಂತೆಗೆ ಹೋದಾಗ ವಿಚಾರಿಸುತ್ತಿದ್ದೆ. "ಬಂದಿಲ್ಲ." ಜೂನ್ ಕಳೆಯಿತು. "ಮಳೆ, ಲಾರಿ ನಿಂತಿದೆ." ಜುಲೈ ಕಳೆಯಿತು. "ಮುಂದಿನ ವಾರ ನೋಡುವಾ." ಹಾಗೆ ಹೇಳುವಾಗ ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಿದ್ದರು, ಬಿಡಿಸುತ್ತಿದ್ದರು. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಮಸ್ಟರಿಗೆ ಹೋಗುವ ದಾರಿಯಲ್ಲಿ ಆ ಜೈಲಿಗೆ ಹೋಗಿ ಬಂದವನು ಮೆಣಸಿನ ಬಳ್ಳಿಯ ಮರೆಯಿಂದ ಬಂದ. ಕೈಯಲ್ಲಿ ಗಿಡ ಸವರುವ ಕಪಾತು ಕತ್ತಿ. ಅವನ ಹಿಂದೆ ಇಪ್ಪತ್ತು ಮಾರು ದೂರದಲ್ಲಿ, ಅದೇ ದಾರಿಯಲ್ಲಿ, ಹೆಂಗಸರು ಸಾಲಾಗಿ ಬರುತ್ತಿದ್ದರು. ನಾನು ಬಲಗೈ ಅಡ್ಡ ಹಿಡಿದೆ. ಅವ್ವನ ಕೂಗು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ತೋರುಬೆರಳು, ನಡುಬೆರಳು ಎರಡೂ ಹೋದವು.

ಮೈಸೂರಿನ ಆಸ್ಪತ್ರೆಗೆ ಹವಾಲ್ದಾರರು ಮೂರನೆಯ ದಿನ ಬಂದರು. ಸ್ಟೂಲಿನ ತುದಿಯಲ್ಲಿ ಕೂತರು. ನೆಲ ನೋಡುತ್ತ, "ನಿಮ್ಮ ರಿವಾಲ್ವರ್ ಬಂದಿತ್ತು" ಎಂದರು. "ಆರ್ಡರ್ ಕೊಟ್ಟ ಎರಡನೇ ವಾರವೇ ಬಂದಿತ್ತು. ಅಂಗಡಿಯ ಬೀರುವಲ್ಲಿಟ್ಟಿದ್ದೆ. ಸ್ವಲ್ಪ ದಿನ ಹೋದ್ರೆ ಇಬ್ಬರ ಸಿಟ್ಟೂ ಇಳಿಯುತ್ತೆ ಅಂತ... ನಂದು ತಪ್ಪಾಯ್ತು."

ಬ್ಯಾಂಡೇಜು ಸುತ್ತಿದ ಕೈಯನ್ನು ಅವರ ಮುಖದ ಹತ್ತಿರ ಹಿಡಿದು ನಾನು ಹೇಳಿದೆ: "ನನ್ನ ಎರಡು ಬೆರಳು ನಿಮ್ಮ ಬೀರುವಲ್ಲಿವೆ. ಅಂಗಡಿಗೆ ಹೋಗಿ ನೋಡ್ಕೊಳ್ಳಿ. ಇನ್ನು ಯಾರಿಗೂ ಬುದ್ಧಿ ಹೇಳೋಕೆ ಹೋಗ್ಬೇಡಿ."

ಅವರು ಎದ್ದು ಹೋದರು. ನನಗೆ ಆಗ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ.

ಎಡಗೈಯಲ್ಲಿ ಬರೆಯುವುದನ್ನು ಒಂದನೇ ತರಗತಿಯ ಮಗುವಿನಂತೆ ಕಲಿತೆ. ರಿವಾಲ್ವರ್ ಬೇಡವೆಂದು ಬರೆದು ಲೈಸೆನ್ಸ್ ಹಿಂದಿರುಗಿಸಿದೆ. ಅವನು ಮತ್ತೆ ಜೈಲಿಗೆ ಹೋದ, ಶಿಕ್ಷೆ ಮುಗಿಸಿ ಬಂದ, ಗೋಣಿಕೊಪ್ಪಲಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ. ಒಂದು ಭಾನುವಾರ ಹೋಟೆಲಿನಲ್ಲಿ ಎದುರಿನ ಮೇಜಿನಲ್ಲೇ ಸಿಕ್ಕಿದ. ನನ್ನನ್ನು ನೋಡಿ ತಲೆ ತಗ್ಗಿಸಿದ. ಪಕ್ಕದಲ್ಲಿ ಅವನ ಸಣ್ಣ ಮಗಳು. ಕತ್ತಿ ಬೀಸಿದ ಅದೇ ಕೈಯಿಂದ ಅವಳಿಗೆ ಪರೋಟ ಹರಿದು ಹರಿದು ಕೊಡುತ್ತಿದ್ದ.

ನನ್ನ ಚಹಾ ಆರಿಹೋಯಿತು. ಆ ಬೆಳಿಗ್ಗೆ ಜೇಬಿನಲ್ಲಿ ಥರ್ಟಿ ಟೂ ಇದ್ದಿದ್ದರೆ ಆರೂ ಗುಂಡು ಹಾರಿಸುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಎಷ್ಟು ಅವನಿಗೆ ಬೀಳುತ್ತಿದ್ದವು? ಉಳಿದವು ಎಲ್ಲಿಗೆ ಹೋಗುತ್ತಿದ್ದವು? ಅವನ ಹಿಂದೆ ಹೆಂಗಸರ ಸಾಲು, ಸಾಲಿನಲ್ಲಿ ಅವ್ವ... ಅಷ್ಟು ವರ್ಷ ಗುಂಡಿನ ಲೆಕ್ಕ ಹಾಕಿದ ನನಗೆ ಇದೊಂದು ಹೊಳೆದಿರಲಿಲ್ಲ.

ಹವಾಲ್ದಾರರು ಮಾಡಿದ್ದು ಸರಿ ಎಂದು ಇವತ್ತಿಗೂ ಹೇಳಲಾರೆ. ಹಣ ಕೊಟ್ಟವನಿಗೆ, ಕಾನೂನು ಕೊಟ್ಟದ್ದನ್ನು ಸುಳ್ಳು ಹೇಳಿ ತಡೆಹಿಡಿದರು. ಚಳಿಯಲ್ಲಿ ಇಲ್ಲದ ಬೆರಳು ನೋಯುವುದು ನನಗೆ, ಅವರಿಗಲ್ಲ. ಆದರೆ ಆಸ್ಪತ್ರೆಯಲ್ಲಿ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಎನಿಸಿತು. ಹೋಗಿ ಅಷ್ಟೇ ಹೇಳಿ ಬರೋಣ ಎಂದುಕೊಂಡೆ. ಕಾಫಿ ಪಿಕ್ಕಿಂಗ್ ಶುರುವಾಯಿತು, ಮುಗಿಯಲಿ ಎಂದೆ. ಮೆಣಸು ಬಂತು, ಅದೂ ಮುಗಿಯಲಿ ಎಂದೆ...

ಕೊನೆಗೆ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಬಸ್ ಹಿಡಿದು ಬಿಟ್ಟಂಗಾಲದ ಅವರ ಮನೆಗೆ ಹೋದೆ. ಅವರ ಹೆಂಡತಿ ಹೊರಗೆ ಬಂದವರು ಮೊದಲು ನನ್ನ ಕೈ ನೋಡಿದರು. ಯಾರೆಂದು ಕೇಳಲಿಲ್ಲ.

"ಅವರು ಹೋಗಿ ಹದಿನೆಂಟು ದಿನ ಆಯ್ತಲ್ಲ" ಎಂದರು.

ನಾನು ನಂಬಲಿಲ್ಲ. ಕೊಡವ ಜನರಲ್ಲಿ ಸಾವಾದರೆ ಅಂಗಳದಲ್ಲಿ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ನಮ್ಮ ಎಸ್ಟೇಟ್ ಇರುವುದು ಗದ್ದೆಯ ಆಚೆ ದಡದಲ್ಲಿ. ಯಾರ ಮನೆಯದಾದರೂ ಕೇಳಿಸುತ್ತದೆ. "ಗುಂಡು ಕೇಳಿಸ್ಲೇ ಇಲ್ಲ ಅಮ್ಮಾ" ಎಂದೆ.

"ಹಾರಿಸ್ಲಿಲ್ಲ. ಬೇಡ ಅಂತ ಮೊದಲೇ ಹೇಳಿದ್ರು. ನೆಂಟರೆಲ್ಲ ಜಗಳ ಮಾಡಿದ್ರು, ಕೋವಿ ಮಾರಿದವನಿಗೆ ಎರಡು ಗುಂಡಿಲ್ವಾ ಅಂತ. ನಾನು ಬಿಡಲಿಲ್ಲ."

ಹೇಳಲು ಬಂದದ್ದನ್ನು ಅವರಿಗೇ ಹೇಳಿದೆ. ಅವರು ಕಂಬ ಹಿಡಿದು ನಿಂತೇ ಕೇಳಿದರು.

"ಮೈಸೂರಿಂದ ಬಂದ ಮೇಲೆ ಅವರು ಅಂಗಡೀಲಿ ಯಾರನ್ನೂ ಏನೂ ಕೇಳ್ತಿರಲಿಲ್ಲ" ಎಂದರು. "ಕಾಗದ ಸರಿ ಇದ್ರೆ ತೆಗೆದು ಕೊಟ್ಟುಬಿಡ್ತಿದ್ರು. ಕುಡ್ಕೊಂಡು ಬಂದವರಿಗೂ."

ಆ ವರ್ಷಗಳಲ್ಲಿ ಆ ಅಂಗಡಿಯಿಂದ ಎಷ್ಟು ಜನ ಒಂದು ಪ್ರಶ್ನೆಯನ್ನೂ ಕೇಳಿಸಿಕೊಳ್ಳದೆ ರಿವಾಲ್ವರ್ ಒಯ್ದರೋ ನನಗೆ ಗೊತ್ತಿಲ್ಲ. ಹವಾಲ್ದಾರರು ಇಲ್ಲ; ಇದ್ದಿದ್ದರೂ ಆ ಪ್ರಶ್ನೆ ಕೇಳುವ ಮನುಷ್ಯನನ್ನು ನಾನು ಆಸ್ಪತ್ರೆಯ ಮಂಚದ ಮೇಲೆ ಕೂತೇ ಮುಗಿಸಿದ್ದೆ. ಈಗ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ತೋಟದ ಗಡಿ ಜಗಳಕ್ಕೆ ಅಣ್ಣ ತಮ್ಮನಿಗೆ ಗುಂಡು ಹೊಡೆದ ಎಂದೋ, ಗಂಡ ಹೆಂಡತಿಗೆ ಹೊಡೆದ ಎಂದೋ ಸುದ್ದಿ ಬಂದಾಗ ಕೊನೆಯ ಸಾಲಿನವರೆಗೆ ಓದುತ್ತೇನೆ. ಯಾವ ಅಂಗಡಿಯಲ್ಲಿ ಕೊಂಡದ್ದು ಎಂದು ಹುಡುಕುತ್ತೇನೆ. ಅದನ್ನು ಪತ್ರಿಕೆಯವರು ಬರೆಯುವುದಿಲ್ಲ.