ಒಂದೇ ಚುನಾವಣೆಗೆಂದು ಹೊರಟ ಸಚಿವರು

೨೦೧೦ರ ದಶಕದ ನಡುವಿನ ಒಂದು ಚಳಿಗಾಲ. ಆಗ ನಾನು ಅಬುಧಾಬಿಯ ಜಪಾನಿ ಕಂಪನಿಯೊಂದರಲ್ಲಿ ಇಂಟರ್‌ಪ್ರಿಟರ್ ಆಗಿದ್ದೆ. ಒಬ್ಬರು ಆಡಿದ್ದನ್ನು ಆಗಿಂದಾಗಲೇ ಇನ್ನೊಬ್ಬರ ಭಾಷೆಯಲ್ಲಿ ಹೇಳುವ ಕೆಲಸ. ಉಡುಪಿಯ ಹುಡುಗಿ ಜಪಾನಿ ಮಾತಾಡುತ್ತಾಳೆ ಎಂಬುದೇ ಆಫೀಸಿನಲ್ಲಿ ಎಲ್ಲರಿಗೂ ಸೋಜಿಗ. ಹಾಗಾಗಿ ಜಪಾನಿನ ಸಂಪುಟ ಸಚಿವರೊಬ್ಬರು ತೈಲ ಒಪ್ಪಂದಕ್ಕೆಂದು ಬಂದಾಗ ಅವರ ಜೊತೆಗಿರಲು ನನ್ನನ್ನೇ ಕಳುಹಿಸಿದರು.

ಮೊದಲ ದಿನ ರುವೈಸ್‌ನ ರಿಫೈನರಿ ನೋಡಲು ಹೋದೆವು. ದಾರಿ ಉದ್ದ. ಕಿಟಕಿಯಾಚೆ ನೋಡುತ್ತಿದ್ದ ಸಚಿವರು ತಾವಾಗಿಯೇ ಮಾತು ತೆಗೆದರು. ಯೌವನದಲ್ಲಿ ಅವರು ದುಬೈಯ ದೇರಾದಲ್ಲಿ ದೋಣಿಯ ಇಂಜಿನ್ ಮಾರುತ್ತಿದ್ದರಂತೆ. ಅಲ್ಲೇ ನೈಫ್ ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ, ನಮ್ಮ ಉಡುಪಿ ಬಳಿಯ ಕಾಪುವಿನ ವಾಸು ಎಂಬವರು ಜೀವದ ಗೆಳೆಯ. ಇಬ್ಬರೂ ಸೇರಿ ದೊಡ್ಡ ಅಂಗಡಿ ತೆರೆಯುವ ಆಲೋಚನೆ ಇತ್ತು. ಅಷ್ಟರಲ್ಲಿ ಸಂಸದರಾಗಿದ್ದ ತಂದೆ ತೀರಿಕೊಂಡರು. ಕ್ಷೇತ್ರದ ಜನ, ಆ ಸ್ಥಾನಕ್ಕೆ ನೀವೇ ನಿಲ್ಲಬೇಕೆಂದು ಪಟ್ಟು ಹಿಡಿದರು.

“ಒಂದೇ ಚುನಾವಣೆ, ಮುಗಿಸಿ ಬಂದುಬಿಡುತ್ತೇನೆ ಎಂದು ವಾಸುವಿಗೆ ಹೇಳಿ ವಿಮಾನ ಹತ್ತಿದೆ,” ಎಂದರು. ಆಮೇಲೆ ಅವರು ಸಂಸದರಾದರು, ಉಪಸಚಿವರಾದರು, ಸಚಿವರಾದರು. ದುಬೈ ಮೇಲಿಂದ ಎಷ್ಟೋ ಸಲ ಹಾರಿಹೋದರೂ ಇಳಿದು ನೋಡಲು ಬಿಡುವು ಸಿಕ್ಕಿರಲಿಲ್ಲ.

ರುವೈಸ್‌ನಿಂದ ಹೋಟೆಲಿಗೆ ಮರಳಿದಾಗ ಅವರ ಸೆಕ್ರೆಟರಿ ಮುಖ ಸಪ್ಪೆ ಮಾಡಿಕೊಂಡು ಫೋನ್ ಹಿಡಿದು ನಿಂತಿದ್ದರು. ಟೋಕಿಯೋದಲ್ಲಿ ಸಚಿವರ ಬಣಕ್ಕೂ ಪ್ರಧಾನಿಗೂ ಜಗಳವಾಗಿತ್ತು. ಬಣದ ಸಚಿವರೆಲ್ಲ ಆ ಕ್ಷಣವೇ ರಾಜೀನಾಮೆ ಕೊಡಬೇಕು, ಕೊಡದವರಿಗೆ ಮುಂದಿನ ಸಲ ಟಿಕೆಟ್ ಇಲ್ಲ ಎಂದು ನಾಯಕರ ಅಪ್ಪಣೆ. ಒಪ್ಪಂದದ ಸಹಿ ಇದ್ದದ್ದು ಮರುದಿನ ಬೆಳಿಗ್ಗೆ. ಇವರು ಸಚಿವರಲ್ಲದಿದ್ದರೆ ಸಹಿ ಹಾಕುವವರೇ ಇಲ್ಲ. ವರ್ಷಗಟ್ಟಲೆ ನಡೆದ ಮಾತುಕತೆ ನೀರುಪಾಲು.

ಸಚಿವರು ಫೋನ್ ತೆಗೆದುಕೊಂಡರು. “ರಾಜೀನಾಮೆ ಕೊಡುತ್ತೇನೆ. ಆದರೆ ನಾಳೆ, ಸಹಿ ಆದ ಮೇಲೆ.”

ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಫೋನ್ ಕೆಳಗಿಟ್ಟು, “ಖಲಾಸ್,” ಎಂದರು. ಮುಗಿಯಿತು ಎಂಬ ಅರಬ್ಬಿ ಮಾತು, ದೇರಾದಲ್ಲಿ ಕಲಿತದ್ದಿರಬೇಕು. ಮುಂದಿನ ಟಿಕೆಟ್ ಹೋಯಿತೆಂದು ನನಗೆ ಗೊತ್ತಾಯಿತು.

ಮರುದಿನ ಸಹಿ ಹಾಕಿದರು, ರಾಜೀನಾಮೆ ಕಳಿಸಿದರು. ವಿಮಾನ ಇದ್ದದ್ದು ಸಂಜೆ, ದುಬೈಯಿಂದ. ನಿನ್ನೆಯವರೆಗೆ ಸಚಿವರ ಕಾರಿನ ಮುಂದೆ ಓಡುತ್ತಿದ್ದ ಪೊಲೀಸ್ ಕಾರು ಈಗ ಇರಲಿಲ್ಲ. “ನೈಫ್‌ಗೆ ಹೋಗೋಣವೇ?” ಎಂದು ನನ್ನನ್ನು ಕೇಳಿದಾಗ ಅವರ ದನಿ ಅಳುಕುತ್ತಿತ್ತು.

ನೈಫ್‌ನಲ್ಲಿ ನಮ್ಮೂರ ಕಡೆಯವರ ಹೋಟೆಲೊಂದರಲ್ಲಿ ವಿಚಾರಿಸಿದರೆ ವಾಸಣ್ಣನ ಅಂಗಡಿಯನ್ನು ಕೂಡಲೇ ತೋರಿಸಿದರು. ಅಂಗಡಿಯೊಳಗೆ ತಲೆ ಪೂರ್ತಿ ನರೆತ ಮನುಷ್ಯ ಕನ್ನಡಕ ಮೇಲೆತ್ತಿ ಬಾಗಿಲ ಕಡೆ ನೋಡಿದರು. ನೋಡುತ್ತಲೇ ಇದ್ದರು.

“ಎಂತ ಮಾರಾಯ, ಒಂದು ಎಲೆಕ್ಷನ್ ಇಷ್ಟು ಉದ್ದ ಉಂಟಾ?”

ನಾನು ಜಪಾನಿಯಲ್ಲಿ ಹೇಳುವ ಮೊದಲೇ, ಎಲೆಕ್ಷನ್ ಎಂಬ ಪದ ಕೇಳಿಯೇ ಸಚಿವರು ನಕ್ಕರು. ಆಮೇಲೆ, ಹಿಂದೆ ಇಬ್ಬರೂ ಆಡುತ್ತಿದ್ದ ಹಿಂದಿಯ ಮಾತುಗಳಿಗಾಗಿ ತಡಕಾಡಿದರು. “ಅಚ್ಛಾ, ಅಚ್ಛಾ” ಬಿಟ್ಟು ಬೇರೇನೂ ಸಿಗಲಿಲ್ಲ. ಒಂದು ಕಾಲಕ್ಕೆ ದಿನವಿಡೀ ಹರಟುತ್ತಿದ್ದವರ ನಡುವೆ ಈಗ ನಾನು ಬೇಕಾಯಿತು. ರಾಜೀನಾಮೆಯ ಸುದ್ದಿಯನ್ನೂ ನಾನೇ ವಾಸಣ್ಣನಿಗೆ ದಾಟಿಸಿದೆ.

“ಇನ್ನು ಮಿನಿಸ್ಟ್ರು ಅಲ್ವಂತಲ್ಲ. ಹಾಗಾದ್ರೆ ಇಲ್ಲೇ ಕೂತ್ಕೊಳ್ಲಿಕ್ಕೆ ಹೇಳು ಮಗಾ,” ಎಂದರು ವಾಸಣ್ಣ. ಕನ್ನಡಕ ತೆಗೆದು ಕೆಳಗಿಟ್ಟು, “ಆದ್ರೆ ನಾನೇ ಇರುದಿಲ್ಲ. ಅಂಗಡಿ ಬೇರೆಯವರಿಗೆ ಕೊಟ್ಟಾಯ್ತು. ಬರುವ ತಿಂಗಳು ಊರಿಗೆ,” ಎಂದರು.

ಅದನ್ನು ನಾನು ಜಪಾನಿಯಲ್ಲಿ ಹೇಳಿದೆ. ಸಚಿವರು ಇಂಜಿನ್ ಭಾಗಗಳು ತೂಗುತ್ತಿದ್ದ ಗೋಡೆಯನ್ನು ನೋಡುತ್ತ, “ಕಾಎರಿತಾಯ್,” ಎಂದರು.

ಮರಳಬೇಕು ಅನಿಸುತ್ತಿದೆ ಎಂದರ್ಥ. ಎಲ್ಲಿಗೆ ಎಂಬುದನ್ನು ಆ ಭಾಷೆಯಲ್ಲಿ ಹೇಳಲೇಬೇಕೆಂದಿಲ್ಲ. ನಾನೂ ಅಷ್ಟನ್ನೇ ಹೇಳಿದೆ.

“ಎಲ್ಲಿಗಂತೆ?” ಎಂದರು ವಾಸಣ್ಣ.

ಒಪ್ಪಂದದ ಮೇಜಿನಲ್ಲಾಗಿದ್ದರೆ ತಿರುಗಿ ಕೇಳಿ ಸ್ಪಷ್ಟಪಡಿಸಿಕೊಳ್ಳಲೇಬೇಕಿತ್ತು. ಇಲ್ಲಿ ಮನಸ್ಸು ಬರಲಿಲ್ಲ. “ಅಷ್ಟೇ ಹೇಳಿದ್ದು, ವಾಸಣ್ಣ,” ಎಂದೆ. ಅವರು ಮತ್ತೆ ಕೇಳಲಿಲ್ಲ. ಗೆಳೆಯನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಕುಳಿತರು. ಸೆಕ್ರೆಟರಿ ಬಂದು ಕರೆಯುವವರೆಗೂ ಬಿಡಲಿಲ್ಲ.

ಆಡಿದ ಮಾತನ್ನು ಮುಟ್ಟಿಸುವುದು ಇಂಟರ್‌ಪ್ರಿಟರ್ ಕೆಲಸ. ಆಡದೆ ಬಿಟ್ಟದ್ದನ್ನು ತಾನಾಗಿ ತುಂಬಬಾರದು. ವೃತ್ತಿ ನನಗೆ ಆ ದಿನ ಕಲಿಸಿದ್ದು ಇದು. ಅಂದು ಅಬುಧಾಬಿಗೆ ಒಬ್ಬಳೇ ಹೋಗುವಾಗ, ಎಲ್ಲಿಗೆ ಮರಳಬೇಕೆಂದು ನನ್ನನ್ನೇ ಕೇಳಿಕೊಂಡೆ. ಉಡುಪಿ ಎಂದು ಥಟ್ಟನೆ ಹೇಳಲು ನನಗೂ ಆಗಲಿಲ್ಲ.