ಪೈಪು ಕದಿರಯ್ಯ ಗೀರುವ ಕಡ್ಡಿ

ಎಂಬತ್ತರ ದಶಕದಲ್ಲಿ ಕೊರಟಗೆರೆ ಸುತ್ತಮುತ್ತ ಗೋಬರ್ ಗ್ಯಾಸಿನ ಪೈಪು ಎಳೆಯುವವರು ಮೂರು ಜನ ಇದ್ದರು. ಕೆಲಸಗಾರ ಅಂದರೆ ಕದಿರಯ್ಯನೇ. ಉಳಿದಿಬ್ಬರ ಮಾತು ಬೇಡ ಬಿಡಿ. ಪೈಪು ಒಲೆಯಿಂದ ಸಗಣಿ ಗುಂಡಿಯ ಕಡೆಗೆ ಒಂದೇ ಸಮ ಇಳಿಜಾರಾಗಿರಬೇಕು, ಇಲ್ಲದಿದ್ದರೆ ನಡುವೆ ನೀರು ಕಟ್ಟಿಕೊಳ್ಳುತ್ತದೆ. ಕದಿರಯ್ಯ ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಜಾಯಿಂಟಿಗೆ ಸೆಣಬಿನ ನಾರು ಸುತ್ತಿ ಬಿಗಿಯುವಾಗ ಮಗುವಿಗೆ ಹೇಳುವ ಹಾಗೆ ಪೈಪಿಗೆ ಬುದ್ಧಿ ಹೇಳುತ್ತಿದ್ದ.

ಅವನದೊಂದು ಹಟವಿತ್ತು. ಹೊಸ ಒಲೆಗೆ ಮೊದಲ ಕಡ್ಡಿ ತಾನೇ ಗೀರಬೇಕು. ಯಾರೋ ಎಳೆದ ಪೈಪು ಸೋರಿ ಹೆಣ್ಣುಮಗಳೊಬ್ಬಳ ಕೈ ಬೆಂದದ್ದನ್ನು ಕಂಡ ಮೇಲೆ ಹಿಡಿದ ಹಟ. ಕೇರಿಯವನು ಅಡುಗೆಮನೆಗೆ ಬಂದನೆಂದು ಗೊಣಗಿಕೊಂಡಾದರೂ ಜನ ಒಳಗೆ ಬಿಡುತ್ತಿದ್ದರು.

ಚನ್ನರಾಯನದುರ್ಗದ ಹತ್ತಿರದ ಶಂಕರಲಿಂಗಪ್ಪ ಬಿಡಲಿಲ್ಲ. ಗೋಡೆಯ ತೂತಿನಲ್ಲಿ ಪೈಪು ತೂರಿಸಿದ ಕದಿರಯ್ಯ ಕಿಟಕಿಯಾಚೆ ನಿಂತು ಹೇಳಿಕೊಟ್ಟ. ಯಜಮಾನರ ಹೆಂಡತಿ ಲಕ್ಕಮ್ಮ ಒಳಗಿನ ಜಾಯಿಂಟನ್ನು ತನ್ನ ಕೈಯಾರೆ ಬಿಗಿದಳು. ಅಲ್ಲಿಯವರೆಗೂ ಅವನು ಸಹಿಸಿಕೊಂಡ.

"ಲೇ ಕದಿರ, ಅಲ್ಲೇ ನಿಂತ್ಕಂಡು ಹೇಳ್ಲಾ, ಇವ್ಳೇ ಹಚ್ತಾಳೆ" ಎಂದರು ಶಂಕರಲಿಂಗಪ್ಪ.

"ಆಗಾಕಿಲ್ಲ ಯಜಮಾನ್ರೆ. ಆ ಜಾಯಿಂಟು ನಾನು ನೋಡ್ದೆ ಕಡ್ಡಿ ಗೀರಬ್ಯಾಡಿ. ಸುಟ್ರೆ ನನ್ನ ಕೈ ಸುಡ್ಲಿ."

"ನಂಗೇ ಎದುರು ಮಾತಾಡ್ತೀಯೇನ್ಲಾ?"

ಕದಿರಯ್ಯ ನೇರ ಗುಂಡಿಯ ಹತ್ತಿರ ಹೋಗಿ ವಾಲ್ವು ಮುಚ್ಚಿ, ಅದರ ಹಿಡಿಯನ್ನೇ ಕಳಚಿ ಜೇಬಿಗೆ ಹಾಕಿಕೊಂಡ. ಆ ಊರಿನಲ್ಲಿ ಅಂಥ ಕೆಲಸಕ್ಕೆ ಏಟು ಬಿದ್ದರೂ ಯಾಕೆಂದು ಕೇಳುವವರಿರಲಿಲ್ಲ.

ಲಕ್ಕಮ್ಮ ಹೊಸ್ತಿಲಿಗೆ ಬಂದಳು. ಸೌದೆ ಒಲೆಯ ಹೊಗೆಗೆ ಅವಳ ಕಣ್ಣಂಚು ಸದಾ ಕೆಂಪು.

"ಒಳೀಕ್ ಬಾರಪ್ಪ. ಇಪ್ಪತ್ತು ವರ್ಸದಿಂದ ಕಣ್ಣು ಸುಟ್ಕಂಡಿದ್ದು ಸಾಲ್ದಾ? ಇನ್ನು ಕೈಯೂ ಸುಟ್ಕಳಾ?" ಎಂದಳು, ಗಂಡನ ಮುಖ ನೋಡದೆ.

ಕದಿರಯ್ಯ ಹಿಡಿಯನ್ನು ಮತ್ತೆ ಸಿಕ್ಕಿಸಿ ವಾಲ್ವು ತೆರೆದು ಒಳಗೆ ಹೋಗಿ, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದ. ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. ಜಾಯಿಂಟು ಸೋರುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಂಕರಲಿಂಗಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಕದಿರಯ್ಯ ಮತ್ತೆ ನಾರು ಸುತ್ತಿ ಬಿಗಿದ, ಮತ್ತೆ ನೊರೆ ಹಚ್ಚಿ ನೋಡಿದ, ಕಿಟಕಿ ಬಾಗಿಲು ತೆಗೆಸಿ ಒಂದಷ್ಟು ಹೊತ್ತು ಕಾದ. ಆಮೇಲೆ ಕಡ್ಡಿ ಗೀರಿದ. ನೀಲಿ ಉರಿ ಹೊಗೆಯಿಲ್ಲದೆ ಎದ್ದಿತು. ಲಕ್ಕಮ್ಮ ಬೆರಗಿನಿಂದ ನಕ್ಕಳು, ಅತ್ತಳು ಕೂಡ.

ಸಾಮಾನು ಸೈಕಲ್ಲಿಗೆ ಕಟ್ಟುವಾಗ ಅಡುಗೆಮನೆಯಲ್ಲಿ ನೀರು ಸುರಿಯುವ ಸದ್ದು ಕೇಳಿತು. ಕದಿರಯ್ಯನಿಗೆ ಅದು ಹೊಸದಲ್ಲ. ಅವನು ಹೊರಗೆ ಬರುತ್ತಿದ್ದಂತೆ ಎಲ್ಲ ಮನೆಗಳಲ್ಲೂ ನೆಲ ತೊಳೆಯುತ್ತಿದ್ದರು. ಆದರೂ ಈ ಮನೆಯಲ್ಲಿ ಅದು ಯಾಕೋ ಹೆಚ್ಚು ನೋಯಿಸಿತು. ತಲೆ ತಗ್ಗಿಸಿ ಸೈಕಲ್ ತಳ್ಳಿದ.

"ಎಲ್ಲಿಗೋಯ್ತೀಯಪ್ಪ?" ಲಕ್ಕಮ್ಮ ಕಿಟಕಿಯಿಂದ ಕೂಗಿದಳು. "ಗಡಿಗೆಗೆ ನೀರು ಸುರ್ದು ಎಸರಿಟ್ಟಿವ್ನಿ. ಮುದ್ದೆ ಉಂಡ್ಕಂಡು ಹೋಗು."

ಅಷ್ಟು ಮನೆಗಳಲ್ಲಿ ಒಲೆ ಹೊತ್ತಿಸಿದ್ದವನು ಅವುಗಳಲ್ಲಿ ಒಂದರ ಮೇಲೂ ಬೆಂದದ್ದನ್ನು ಉಂಡಿರಲಿಲ್ಲ. ಕದಿರಯ್ಯ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ.